ನೆಲ ಮುಟ್ಟಿದ ವಿಮಾನ ಮತ್ತೆ ಹಾರಿತು: ಪೈಲಟ್ ತಪ್ಪಾ, ಸರಿಯಾ?

ಕಿಟಕಿ ಸೀಟು:
ಮೊನ್ನೆ ಸಂಜೆಯ ವಿಮಾನದಲ್ಲಿ ರೆಕ್ಕೆಯ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಇಳಿಯುವಾಗ ಚಕ್ರಗಳು ಧಡಾರ್ ಅಂತ ನೆಲಕ್ಕೆ ಬಿದ್ದವು. ರೆಕ್ಕೆಯ ಮೇಲಿನ ಹಲಗೆಗಳು ಎದ್ದು ನಿಂತವು. ಸದ್ಯ ಇಳಿದೆವಲ್ಲ ಅಂದುಕೊಳ್ಳುವಷ್ಟರಲ್ಲಿ ಹೊಟ್ಟೆಯೊಳಗೆ ಜೋಕಾಲಿಯಲ್ಲಿ ಆಗೋ ಹಾಗೆ ಆಯಿತು, ನೋಡಿದರೆ ರನ್‌ವೇ ಕೆಳಗಿದೆ, ನಾವು ಗಾಳಿಯಲ್ಲಿ. ಹಲಗೆಗಳು ಪಟ್ಟನೆ ಮಡಚಿಕೊಂಡವು. ಆಮೇಲೆ ಎಂಜಿನ್ ಅಬ್ಬರ ಶುರುವಾಯಿತು. ಅಷ್ಟರಲ್ಲಿ ಚಕ್ರ ಇನ್ನೊಂದು ಸಲ ನೆಲಕ್ಕೆ ತಾಗಿದ್ದು ಕಾಲಿಗೇ ಗೊತ್ತಾಯಿತು. ಹಾಗೇ ಮೇಲೆ ಹೋದೆವು. ಹತ್ತು ನಿಮಿಷ ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಕ್ಯಾಪ್ಟನ್ ಎರಡು ವಾಕ್ಯ ಹೇಳಿದರು, ಸುತ್ತು ಹಾಕಿ ಬಂದು ಇಳಿಸಿದರು.

ಪಕ್ಕದ ಸೀಟಿನವರು "ಒಂದೇ ಸಲಕ್ಕೆ ಎರಡು ತಪ್ಪು ಮಾಡಿದ, ಇವನಿಗೆ ಬರೋದೇ ಇಲ್ಲ" ಅಂದರು. ನನ್ನ ಪ್ರಶ್ನೆ ಇಷ್ಟೇ. ನೆಲ ಮುಟ್ಟಿದ ಮೇಲೆ ಬ್ರೇಕ್ ಹಾಕಿ ನಿಲ್ಲಿಸಬಾರದಿತ್ತಾ? ಮೇಲೆ ಹೋಗೋದಾದರೆ ಎರಡನೇ ಸಲ ಯಾಕೆ ತಾಗಿಸಿದರು?

ಜಾಯ್‌ಸ್ಟಿಕ್ ರಾಯ:
ನಾನು ಪೈಲಟ್ ಅಲ್ಲ, ಆದರೆ ಮನೆಯ ಕಂಪ್ಯೂಟರ್‌ನಲ್ಲಿ ಸಾವಿರಾರು ಸಲ ಇಳಿಸಿದ್ದೇನೆ. ಪುಟಿದರೆ ಮೂತಿಯನ್ನು ಒಂಚೂರು ಕೆಳಗೆ ಒತ್ತಿದರೆ ಸಾಕು, ಕೂತುಬಿಡುತ್ತೆ. ಅಷ್ಟಕ್ಕೆಲ್ಲ ಗೋ ಅರೌಂಡ್, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಿ ಸುತ್ತಿ ಬರೋದು, ಇಂಧನ ದಂಡ. ಹೆದರಿದ್ದಾರೆ ಅನ್ಸುತ್ತೆ.

ಬಲಬದಿ ಸೀಟು:
ರಾಯರೇ, ಅದೊಂದನ್ನು ಮಾತ್ರ ಮಾಡಬೇಡಿ. ಕಂಪ್ಯೂಟರ್‌ನಲ್ಲೂ ರೂಢಿ ಮಾಡ್ಕೋಬೇಡಿ. ನಾನು ಏರ್‌ಬಸ್ ಎ320 ಹಾರಿಸೋ ಸಹಪೈಲಟ್. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇರಲಿ.

ಮೊದಲು ಕಿಟಕಿ ಸೀಟಿನವರಿಗೆ. ಮೇಡಂ/ಸಾರ್, ನೀವು ನೋಡಿದ ಕ್ರಮದಲ್ಲೇ ಉತ್ತರ ಇದೆ. ಹಲಗೆ ಮೊದಲು ಮಡಚಿತು, ಸದ್ದು ಆಮೇಲೆ ಬಂತು. ಆ ಹಲಗೆಗಳು ಸ್ಪಾಯ್ಲರ್. ಚಕ್ರ ನೆಲಕ್ಕೆ ಕೂತ ಕೂಡಲೇ ಎದ್ದು, ರೆಕ್ಕೆಯ ಎತ್ತುವ ಶಕ್ತಿಯನ್ನು ಕೊಂದು, ಭಾರವನ್ನೆಲ್ಲ ಚಕ್ರದ ಮೇಲೆ ಹಾಕೋದು ಅವುಗಳ ಕೆಲಸ. ಎಂಜಿನ್ ಶಕ್ತಿ ಏರಿಸಿ ಇಳಿಸೋ ಥ್ರಸ್ಟ್ ಲಿವರ್ ಮುಂದಕ್ಕೆ ತಳ್ಳಿದರೆ ತಾವಾಗಿಯೇ ಮಡಚಿಕೊಳ್ಳುತ್ತವೆ. ಅಂದರೆ ಅವು ಮಡಚಿದ ಗಳಿಗೆಯೇ ಕಾಕ್‌ಪಿಟ್‌ನಲ್ಲಿ ಲಿವರ್ ಮುಂದೆ ಹೋದ ಗಳಿಗೆ. ತೀರ್ಮಾನ ಬೇಗನೇ ಆಗಿದೆ.

ಎಂಜಿನ್‌ಗೆ ಆ ಚುರುಕು ಇಲ್ಲ. ಜೆಟ್ ಎಂಜಿನ್ ಐಡಲ್‌ನಿಂದ, ಅಂದರೆ ಸುಮ್ಮನೆ ತಿರುಗೋ ಕನಿಷ್ಠ ಶಕ್ತಿಯಿಂದ, ಪೂರ್ತಿ ಶಕ್ತಿಗೆ ಏರಲು ಸೆಕೆಂಡುಗಳು ಹಿಡಿಯುತ್ತವೆ. ವಿಮಾನಕ್ಕೆ ಪ್ರಮಾಣಪತ್ರ ಕೊಡೋ ನಿಯಮಕ್ಕೂ ಇದು ಗೊತ್ತು. ಇಳಿಯೋ ಸ್ಥಿತಿಯಲ್ಲಿ, ಚಕ್ರ, ಫ್ಲಾಪ್ (ಕಡಿಮೆ ವೇಗದಲ್ಲೂ ವಿಮಾನ ಎತ್ತಿಹಿಡಿಯೋಕೆ ರೆಕ್ಕೆಯಂಚಿನಲ್ಲಿ ಇಳಿಯೋ ಹಲಗೆ) ಎಲ್ಲ ಬಿಟ್ಟುಕೊಂಡು, ನೂರು ಅಡಿ ಮುಂದೆ ಹೋದರೆ 3.2 ಅಡಿಯಾದರೂ ಏರಬೇಕು ಅಂತ ಇದೆ. ಅದಕ್ಕೆ ಲೆಕ್ಕ ಹಿಡಿಯೋದು ಲಿವರ್ ತಳ್ಳಿ 8 ಸೆಕೆಂಡ್ ಆದಾಗ ಸಿಗೋ ಶಕ್ತಿ. ನಿಮ್ಮ ಪೈಲಟ್ ಹತ್ತಿರ ಆ 8 ಸೆಕೆಂಡ್ ಇರಲಿಲ್ಲ, ನೆಲ ಕೆಲವೇ ಅಡಿ ಕೆಳಗಿತ್ತು. ಹಾಗಾಗಿ ಚಕ್ರ ಮತ್ತೆ ತಾಗಿತು. ತಾಗಲಿ ಬಿಡಿ, ಚಕ್ರ ಇರೋದೇ ಅದಕ್ಕೆ. ನಮಗೆ ಕಲಿಸೋದೂ ಹಾಗೇ: ಗೋ ಅರೌಂಡ್ ಅಂತ ಹೊರಟ ಮೇಲೆ ಎರಡನೇ ಸ್ಪರ್ಶ ತಪ್ಪಿಸೋಕೆ ಹೋಗಬೇಡ. ತಪ್ಪಿಸೋಕೆ ಹೋದವನು ಮೂತಿ ಎತ್ತುತ್ತಾನೆ, ಬಾಲ ಉಜ್ಜುತ್ತೆ. ಎ321ರ ಉದ್ದ ನೋಡಿದ್ದೀರಲ್ಲ, ಚಕ್ರದ ಕಾಲು ಅದುಮಿಕೊಂಡಿರುವಾಗ ಮೂತಿ ಹತ್ತು ಡಿಗ್ರಿ ಮುಟ್ಟೋ ಮೊದಲೇ ಬಾಲ ನೆಲದಲ್ಲಿ.

ಈಗ ರಾಯರ "ಒಂಚೂರು ಒತ್ತೋದು". 2009ರ ಮಾರ್ಚ್ 23, ಜಪಾನಿನ ನರೀಟಾ. ಎಂಡಿ-11 ಸರಕು ವಿಮಾನ, ಬೀಸುಗಾಳಿ. ಮೊದಲ ಜಿಗಿತ ಚಿಕ್ಕದು. ಕೈ ಮೂತಿಯನ್ನು ಕೆಳಗೆ ಒತ್ತಿತು. ಮುಂದಿನ ಚಕ್ರ ಬಡಿದು ವಿಮಾನ ಮೊದಲಿಗಿಂತ ಎತ್ತರ ಜಿಗಿಯಿತು. ಮೂರನೇ ಸಲ ಬಿದ್ದಾಗ ಎಡಗಡೆ ಚಕ್ರದ ಹೊಡೆತಕ್ಕೆ ರೆಕ್ಕೆ ಮುರಿಯಿತು, ವಿಮಾನ ಮಗುಚಿ ಬೆಂಕಿ ಹತ್ತಿತು. ಪೈಲಟ್‌ಗಳಿಬ್ಬರೂ ಉಳಿಯಲಿಲ್ಲ. ಮೊದಲ ಸ್ಪರ್ಶದಿಂದ ಕೊನೆಯ ಹೊಡೆತಕ್ಕೆ ಕೆಲವೇ ಸೆಕೆಂಡ್.

ಜಾಯ್‌ಸ್ಟಿಕ್ ರಾಯ:
ಎಂಡಿ-11 ಜಾತಿಯೇ ಬೇರೆ ಅಣ್ಣಾ. ಬಾಲದ ರೆಕ್ಕೆ ಪುಟ್ಟದು, ಇಳಿಯೋ ವೇಗ ಜಾಸ್ತಿ. 1997ರಲ್ಲಿ ನೆವಾರ್ಕ್‌ನಲ್ಲೂ ಅದೇ ಮಾದರಿ ಮಗುಚಿತ್ತು, 2010ರಲ್ಲಿ ರಿಯಾದ್‌ನಲ್ಲೂ ಪುಟಿದು ಮುರಿಯಿತು. ಒಂದು ಹಠಮಾರಿ ಎತ್ತನ್ನು ತೋರಿಸಿ ಊರಿನ ಎತ್ತುಗಳೆಲ್ಲ ಹಾಯುತ್ತವೆ ಅಂದರೆ ಹೇಗೆ?

ಬಲಬದಿ ಸೀಟು:
ಮಾತು ಒಪ್ಪಿದೆ, ಅದು ಹಠಮಾರಿಯೇ. ಹಾಗಾದರೆ ಹೊಸ ಕಾಲದ ವಿಮಾನ ತಗೊಳ್ಳಿ. 2019ರ ಮೇ 5, ಮಾಸ್ಕೋದ ಶೆರೆಮೆಟ್ಯೆವೊ, ಸುಖೋಯ್ ಸೂಪರ್‌ಜೆಟ್. ಹೊರಟ ಸ್ವಲ್ಪ ಹೊತ್ತಿಗೆ ಸಿಡಿಲು ಬಡಿದು ವಾಪಸ್ ಬಂದರು. ಕಂಪ್ಯೂಟರ್ ನೆರವು ಕಳಚಿಕೊಂಡು ಡೈರೆಕ್ಟ್ ಲಾ ಅನ್ನೋ ಸ್ಥಿತಿಗೆ ಇಳಿದಿತ್ತು, ಅಂದರೆ ಕೈ ಎಷ್ಟು ಆಡಿಸುತ್ತೋ ರೆಕ್ಕೆ ಅಷ್ಟೇ ಆಡುತ್ತೆ, ತಿದ್ದೋರು ಯಾರೂ ಇಲ್ಲ. ಸ್ಪಾಯ್ಲರ್‌ಗಳೂ ತಾವಾಗಿ ಏಳಲಿಲ್ಲ. ಮೊದಲ ಹೊಡೆತ ಸುಮಾರು 2.5 ಜಿ, ಅಂದರೆ ತೂಕದ ಎರಡೂವರೆ ಪಟ್ಟು. ಅದು ಜೋರೇ, ಆದರೆ ಬದುಕುಳಿಯೋ ಹೊಡೆತ. ಆಮೇಲೆ ಮೂತಿ ಏರಿಸಿ ಇಳಿಸೋ ಹಿಡಿ, ಸೈಡ್‌ಸ್ಟಿಕ್, ಮುಂದೆ ಹಿಂದೆ, ಮುಂದೆ ಹಿಂದೆ. ಎರಡನೇ ಹೊಡೆತ 5 ಜಿ ದಾಟಿತು, ಮೂರನೆಯದೂ ಅಷ್ಟೇ. ಚಕ್ರದ ಕಾಲು ಮುರಿದು ಇಂಧನ ಹೊತ್ತಿತು. 78 ಜನರಲ್ಲಿ 41 ಜನ ಹೋದರು.

ಎರಡೂ ಕಡೆ ಮೊದಲ ಜಿಗಿತ ಯಾರನ್ನೂ ಕೊಲ್ಲಲಿಲ್ಲ. ಜಿಗಿದ ಮೇಲೆ ಕೈ ಮಾಡಿದ್ದು ಕೊಂದಿತು. ಯಾಕೆ ಅಂದರೆ, ಕಣ್ಣಿಗೆ ಕಂಡು ಕೈ ಆಡಿಸೋ ಹೊತ್ತಿಗೆ ವಿಮಾನ ಮುಂದಿನ ಹಂತಕ್ಕೆ ಹೋಗಿರುತ್ತೆ. ಮೇಲೆ ಹೋಗ್ತಿದೆ ಅಂತ ಒತ್ತುತ್ತೀರಿ, ಆ ಒತ್ತು ಕೆಲಸ ಮಾಡೋವಾಗ ಅದು ಕೆಳಗೆ ಬರ್ತಿರುತ್ತೆ. ಉಯ್ಯಾಲೆಯನ್ನು ತಪ್ಪು ಹೊತ್ತಲ್ಲಿ ನಿಲ್ಲಿಸೋಕೆ ಹೋಗಿ ಇನ್ನೂ ಜೋರಾಗಿ ತೂಗಿದ ಹಾಗೆ.

ಕಿಟಕಿ ಸೀಟು:
ನನಗೆ ಮೇಡಂ ಅಂದರೆ ಸಾಕು. ಹಾಗಾದರೆ ಜಿಗಿದಾಗ ಕೈ ಏನು ಮಾಡಬೇಕು? ಏನೂ ಮಾಡಬಾರದಾ?

ಬಲಬದಿ ಸೀಟು:
ಹೆಚ್ಚುಕಡಿಮೆ ಹಾಗೇ ಮೇಡಂ. ಮೂತಿ ಎಲ್ಲಿದೆಯೋ ಅಲ್ಲೇ ಹಿಡಿದಿಡಬೇಕು. ಜಿಗಿತ ಚಿಕ್ಕದಾದರೆ, ಮುಂದೆ ರನ್‌ವೇ ಸಾಕಷ್ಟಿದ್ದರೆ, ಅದೇ ಭಂಗಿಯಲ್ಲಿ ಮತ್ತೆ ಕೂರುತ್ತೆ. ಏರ್‌ಬಸ್ ಆಗ ಲಿವರ್ ಐಡಲ್‌ನಲ್ಲೇ ಇರಲಿ ಅನ್ನುತ್ತೆ. ಬೋಯಿಂಗ್ ಬೇಕಾದರೆ ಇಳಿಯೋ ರಭಸ ತಡೆಯುವಷ್ಟು ಥ್ರಸ್ಟ್ ಕೊಡು ಅನ್ನುತ್ತೆ, ಸಣ್ಣ ಕುಪ್ಪಳಿಕೆಗೆ ಅದೂ ಬೇಡ. ಜೋರು ಜಿಗಿತಕ್ಕೆ ಇಬ್ಬರದ್ದೂ ಒಂದೇ ಮಾತು: ಗೋ ಅರೌಂಡ್. ಚಿಕ್ಕದು ದೊಡ್ಡದು ಅಂತ ಗೆರೆ ಎಳೆಯೋಕೆ ವಿಮಾನ ಸುರಕ್ಷತೆಯ ಸಂಸ್ಥೆ ಫ್ಲೈಟ್ ಸೇಫ್ಟಿ ಫೌಂಡೇಶನ್ ತನ್ನ ಟಿಪ್ಪಣಿಯಲ್ಲಿ ಐದು ಅಡಿ ಅಂತ ಇಟ್ಟಿದೆ. ಆ ಹೊತ್ತಲ್ಲಿ ಟೇಪ್ ಹಿಡಿದು ಅಳೆಯೋರು ಯಾರು? ಅನುಮಾನ ಬಂತು ಅಂದರೆ ದೊಡ್ಡದು ಅಂತಲೇ ಲೆಕ್ಕ.

ನಂದೇ ಒಂದು ಹೇಳ್ತೀನಿ. ಕೆಲಸಕ್ಕೆ ಸೇರಿ ವರ್ಷ ಆಗಿರಲಿಲ್ಲ. ರಾತ್ರಿ, ಅಡ್ಡಗಾಳಿ, ಇಳಿಸೋ ಸರದಿ ನಂದು. ಎಡಗೈ ಲಿವರ್ ಮೇಲೆ, ಬಲಗೈ ಸೈಡ್‌ಸ್ಟಿಕ್ ಮೇಲೆ. ಮೂವತ್ತು ಅಡಿಯಲ್ಲಿ ಫ್ಲೇರ್, ಅಂದರೆ ಇಳಿಯೋ ರಭಸ ತಗ್ಗಿಸೋಕೆ ಮೂತಿ ಎತ್ತೋದು, ಶುರು ಮಾಡಿದೆ, ಇಪ್ಪತ್ತರಲ್ಲಿ ಯಂತ್ರದ ದನಿ "ರಿಟಾರ್ಡ್" ಅಂತು, ಲಿವರ್ ಎಳೆದೆ. ಅಷ್ಟರಲ್ಲಿ ಎದುರುಗಾಳಿ ಫಕ್ಕನೆ ನಿಂತುಹೋಯ್ತು. ಕೆಳಗಿದ್ದ ಮಣೆ ಎಳೆದ ಹಾಗೆ ಕುಸಿಯಿತು. ಧಪ್, ಮತ್ತೆ ಮೇಲೆ. ರನ್‌ವೇ ಅಂಚಿನ ದೀಪಗಳು ಒಮ್ಮೆಲೇ ಕೆಳಕ್ಕೆ ಸರಿದವು. ನನ್ನ ಬಲಗೈ ತಾನಾಗಿ ಮುಂದಕ್ಕೆ ಹೊರಟಿತ್ತು ಅಂದರೆ ನಂಬಿ. ಎಡಗಡೆಯಿಂದ ಕ್ಯಾಪ್ಟನ್, ದನಿ ಏರಿಸದೆ, "ಹಿಡ್ಕೋ... ಹಿಡ್ಕೋ... ಗೋ ಅರೌಂಡ್." ಲಿವರ್‌ಗಳನ್ನು ಕೊನೇ ಗಾಡಿಯವರೆಗೂ ತಳ್ಳಿದೆ. ಒಮ್ಮೆ ಚಕ್ರ ತಾಗಿತು. ಫ್ಲಾಪ್ ಒಂದು ಹಂತ ಒಳಗೆ. ಅವರು ಏರಿಕೆ ನೋಡಿ ಹೇಳೋವರೆಗೂ ಚಕ್ರದ ಮಾತೇ ಇಲ್ಲ. ಅವರು ಕಂಟ್ರೋಲ್ ಕಿತ್ತುಕೊಳ್ಳಲಿಲ್ಲ, ಅದು ಅವರ ದೊಡ್ಡತನ. ನನ್ನ ಮೊಣಕಾಲು ನಡುಗೋಕೆ ಶುರುವಾಗಿದ್ದು ಮೂರು ಸಾವಿರ ಅಡಿಯಲ್ಲಿ.

ಸಿಮ್ ಮೇಷ್ಟ್ರು:
"ಕೊನೇ ಗಾಡಿ" ಅಲ್ಲ ಮಾರಾಯ, ಕೊನೇ ಖಾಂಚಾ, ಲಿವರ್ ಕೂರೋ ಕಚ್ಚು. ಉಳಿದದ್ದಕ್ಕೆ ಪೂರ್ತಿ ಅಂಕ.

ಬೋಯಿಂಗ್ ಕಡೆಯವನಾಗಿ ಒಂದು ಮಾತು ಸೇರಿಸ್ತೀನಿ, ಯಾಕೆಂದರೆ ನಮ್ಮಲ್ಲಿ ಗೋ ಅರೌಂಡ್‌ಗೆ ಲಿವರ್ ಮೇಲೊಂದು ಸ್ವಿಚ್ ಇದೆ. ಒತ್ತಿದರೆ ಆಟೋಥ್ರಾಟಲ್ ತಾನೇ ಲಿವರ್ ಮುಂದೆ ಓಡಿಸುತ್ತೆ. ಎಷ್ಟು ಹಿತವಾದ ಅಭ್ಯಾಸ ಅಂದರೆ, ಅದೇ ಒಂದು ದಿನ ಕೈಕೊಟ್ಟಿತು. 2016ರ ಆಗಸ್ಟ್ 3, ದುಬೈ, 777. ಗಾಳಿ ಬದಲಾಗಿ ವಿಮಾನ ರನ್‌ವೇ ಮೇಲೆ ತೇಲಿತು, ಚಕ್ರ ತಾಗಿದ್ದು ತುದಿಯಿಂದ ಸುಮಾರು 1,100 ಮೀಟರ್ ಒಳಗೆ. ಯಂತ್ರವೇ "ಲಾಂಗ್ ಲ್ಯಾಂಡಿಂಗ್" ಅಂತ ಕೂಗಿತು. ಗೋ ಅರೌಂಡ್ ತೀರ್ಮಾನ ಆಯಿತು, ಸ್ವಿಚ್ ಒತ್ತಿದರು, ಮೂತಿ ಎತ್ತಿದರು, ಚಕ್ರ ಮಡಚಿದರು. ಆದರೆ ಚಕ್ರ ನೆಲ ಮುಟ್ಟಿದ ಮೇಲೆ ಆ ಸ್ವಿಚ್ ಕೆಲಸ ಮಾಡದ ಹಾಗೆ ವಿನ್ಯಾಸವೇ ಇದೆ. ಲಿವರ್ ಅಲುಗಲಿಲ್ಲ. ಎಂಜಿನ್ ಐಡಲ್‌ನಲ್ಲೇ. ವಿಮಾನ ಸುಮಾರು 85 ಅಡಿ ಏರಿ ಸುಸ್ತಾಗಿ ಕುಸಿಯಿತು. ಕೈಯಿಂದ ಲಿವರ್ ತಳ್ಳಿದ್ದು ಬೀಳೋಕೆ ಮೂರು ಸೆಕೆಂಡ್ ಇರುವಾಗ. ಒಳಗಿದ್ದ 300 ಜನರೂ ಹೊರಬಂದರು, ಬೆಂಕಿ ಆರಿಸಲು ಬಂದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು.

ಅವತ್ತಿನಿಂದ ನನ್ನ ಪಾಠದಲ್ಲಿ ಒಂದೇ ಹಟ: ಸ್ವಿಚ್ ಒತ್ತು, ಸಂತೋಷ. ಆದರೆ ಅಂಗೈ ಲಿವರ್ ಹಿಂದೆ ಇರಲಿ, ಅದರ ಜೊತೆ ಮುಂದಕ್ಕೆ ಹೋಗಲಿ. ಹೋಗದಿದ್ದರೆ ನೀನು ತಳ್ಳು. ಪಕ್ಕದವನು ಎಂಜಿನ್ ಅಂಕಿ ನೋಡಿ ಬಾಯಿಬಿಟ್ಟು ಹೇಳಲಿ. ಮುಟ್ಟಿದ ಮೇಲೆ ಲಿವರ್ ತಳ್ಳಿದಾಗ ಟೇಕಾಫ್ ಕಾನ್ಫಿಗರೇಶನ್ ಎಚ್ಚರಿಕೆ ಕೂಗಬಹುದು, ಯಾಕೆಂದರೆ ಫ್ಲಾಪ್ ಇಳಿಯೋ ಸ್ಥಿತಿಯಲ್ಲಿದೆ, ಯಂತ್ರ ನೀನು ಟೇಕಾಫ್ ಮಾಡ್ತಿದ್ದೀಯ ಅಂದುಕೊಳ್ಳುತ್ತೆ. ಆ ಸದ್ದಿಗೆ ಹೆದರಿ ಲಿವರ್ ಹಿಂದಕ್ಕೆ ಎಳೆದವರನ್ನು ಸಿಮ್ಯುಲೇಟರ್‌ನಲ್ಲಿ ನಾನೇ ನೋಡಿದ್ದೇನೆ.

ಅಂದ ಹಾಗೆ, ಸಿಮ್ಯುಲೇಟರ್ ಬೌನ್ಸನ್ನು ಅಷ್ಟು ಚೆನ್ನಾಗಿ ತೋರಿಸಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರದ ಕಥೆಯೇ ಹೀಗಾದರೆ ರಾಯರ ಮೇಜಿನ ಮೇಲಿನದರ ಕಥೆ ಬೇಡ.

ಜಾಯ್‌ಸ್ಟಿಕ್ ರಾಯ:
ಆಯ್ತು ಮೇಷ್ಟ್ರೇ, ಕಿವಿ ಹಿಂಡಿಸ್ಕೊಂಡೆ. ಒಂದು ಅನುಮಾನ ಉಳೀತು. ಮುಟ್ಟಿದ ಮೇಲೆ ಯಾವಾಗ ಬೇಕಾದರೂ ಮತ್ತೆ ಹಾರಬಹುದಾ? ರನ್‌ವೇ ಮುಗಿಯೋವರೆಗೂ?

ಸಿಮ್ ಮೇಷ್ಟ್ರು:
ಇಲ್ಲ. ಒಂದು ಬಾಗಿಲಿದೆ, ಅದು ರಿವರ್ಸರ್, ಅಂದರೆ ವಿಮಾನ ನಿಧಾನ ಮಾಡೋಕೆ ಎಂಜಿನ್ ಗಾಳಿಯನ್ನು ಮುಂದಕ್ಕೆ ತಿರುಗಿಸೋ ಸಾಧನ. ರಿವರ್ಸ್ ಥ್ರಸ್ಟ್ ಎಳೆದ ಮೇಲೆ ನಿಲ್ಲಿಸಲೇಬೇಕು, ಏನೇ ಬರಲಿ. ಮತ್ತೆ ಹಾರೋಕೆ ಹೋದಾಗ ಒಂದು ಕಡೆಯದು ಪೂರ್ತಿ ಮುಚ್ಚದೆ ಉಳಿದರೆ ಒಂದು ಎಂಜಿನ್ ಮುಂದಕ್ಕೆ, ಒಂದು ಹಿಂದಕ್ಕೆ. 1978ರ ಫೆಬ್ರವರಿ 11ರಂದು ಕೆನಡಾದ ಕ್ರ್ಯಾನ್‌ಬ್ರೂಕ್‌ನಲ್ಲಿ ಹೀಗೇ ಆಯಿತು. 737 ಇಳಿದಿದೆ, ರಿವರ್ಸ್ ಎಳೆದಾಗಿದೆ, ಮುಂದೆ ರನ್‌ವೇ ಮೇಲೆ ಹಿಮ ತೆಗೆಯೋ ವಾಹನ. ತಪ್ಪಿಸೋಕೆ ಎತ್ತಿದರು. ವಾಹನ ತಪ್ಪಿತು, ಎಡ ಎಂಜಿನ್‌ನ ರಿವರ್ಸರ್ ಗಾಳಿಯಲ್ಲಿ ತೆರೆದುಕೊಂಡಿತು, ವಿಮಾನ ಬಿತ್ತು.

ಬಾಗಿಲ ಈಚೆಗಿನ ತಪ್ಪು ಇನ್ನೊಂದು ಥರ. 2010ರ ಮೇ 22, ಮಂಗಳೂರು. ಎತ್ತರ ಜಾಸ್ತಿ, ವೇಗ ಜಾಸ್ತಿ. ಸಹಪೈಲಟ್ ಮೂರು ಸಲ ಗೋ ಅರೌಂಡ್ ಅಂದರು ಅಂತ ವಿಚಾರಣಾ ವರದಿಯೇ ಹೇಳುತ್ತೆ. ಕ್ಯಾಪ್ಟನ್ ಕೇಳಲಿಲ್ಲ. ರನ್‌ವೇ ಅರ್ಧ ದಾಟಿದ ಮೇಲೆ ಚಕ್ರ ತಾಗಿತು, ರಿವರ್ಸ್ ಎಳೆದರು, ಬ್ರೇಕ್ ಹಾಕಿದರು, ಆಮೇಲೆ ಮತ್ತೆ ಹಾರೋಕೆ ಹೊರಟರು. ಟೇಬಲ್‌ಟಾಪ್ ರನ್‌ವೇ, ಆಚೆ ಕಮರಿ. 158 ಜನ ಹೋದರು. ಆ ಮೂರು ಕೂಗಿನಲ್ಲಿ ಯಾವುದನ್ನು ಕೇಳಿದ್ದರೂ ನಡೆಯುತ್ತಿತ್ತು.

ಟವರ್ ಕಿವಿ:
ಕಂಟ್ರೋಲರ್ ಕಡೆಯಿಂದ. ಗೋ ಅರೌಂಡ್ ಅಂತ ರೇಡಿಯೋದಲ್ಲಿ ಬಂದ ಕೂಡಲೇ ನಾವು ಕಾರಣ ಕೇಳಲ್ಲ. ಎತ್ತರ ಕೊಡ್ತೀವಿ, ದಿಕ್ಕು ಬೇಕಿದ್ದರೆ ಕೊಡ್ತೀವಿ, ಹೊರಡೋಕೆ ರನ್‌ವೇ ಮೇಲೆ ನಿಂತಿರೋನನ್ನು ತಡೀತೀವಿ, ಸುಮ್ಮನಾಗ್ತೀವಿ. ಎಷ್ಟೋ ಸಲ ಅವರು ಹೇಳೋದಕ್ಕೆ ಮೊದಲೇ ಗಾಜಿನಿಂದ ಕಂಡಿರುತ್ತೆ. ಹೇಳೋಕೆ ತಡವಾದರೆ ಬೇಸರವಿಲ್ಲ, ಅವರ ಕೈ ತುಂಬಿರುತ್ತೆ. ಆ ಹತ್ತು ನಿಮಿಷದ ಮೌನಕ್ಕೂ ಅದೇ ಕಾರಣ ಮೇಡಂ. ಮೊದಲು ವಿಮಾನ, ಆಮೇಲೆ ದಾರಿ, ಆಮೇಲೆ ನಾವು, ಕಡೆಗೆ ನೀವು.

ಜಾಯ್‌ಸ್ಟಿಕ್ ರಾಯ:
ಗೋ ಅರೌಂಡ್ ಅಷ್ಟು ಒಳ್ಳೇದಾದರೆ ಅದರಲ್ಲೇ ಬಿದ್ದ ವಿಮಾನಗಳೂ ಇವೆಯಲ್ಲ? ರಷ್ಯಾದಲ್ಲೇ 2013ರ ಕಜಾನ್, 2016ರ ರೊಸ್ತೋವ್.

ಬಲಬದಿ ಸೀಟು:
ಇವೆ. ಎರಡೂ 737. ಇಂಧನ ಕರಗಿ ಹಗುರಾದ ವಿಮಾನ, ಪೂರ್ತಿ ಥ್ರಸ್ಟ್, ಹೊರಗೆ ಕತ್ತಲು. ಮುಂದಕ್ಕೆ ಜೋರಾಗಿ ನೂಕಿದಾಗ ಒಳಗಿವಿ ತಲೆ ಹಿಂದಕ್ಕೆ ವಾಲಿದೆ ಅಂತ ಸುಳ್ಳು ಹೇಳುತ್ತೆ, ಮೂತಿ ಆಕಾಶಕ್ಕೆ ನಿಂತ ಹಾಗೆ ಅನ್ನಿಸುತ್ತೆ, ಕೈ ಕೆಳಗೆ ಒತ್ತುತ್ತೆ. ಕಣ್ಣು ಉಪಕರಣದ ಮೇಲೆ ಅಂಟಿರಬೇಕು, ಮೈಯ ಮಾತು ಕೇಳಬಾರದು. ಪೂರ್ತಿ ಥ್ರಸ್ಟ್ ಇಲ್ಲದ ಮೆತ್ತನೆ ಗೋ ಅರೌಂಡ್ ಕೂಡ ಇದೆ. ಬೋಯಿಂಗ್‌ನಲ್ಲಿ ಸ್ವಿಚ್ ಒಂದು ಸಲ ಒತ್ತಿದರೆ ಹದವಾದ ಏರಿಕೆಗೆ ಬೇಕಾದಷ್ಟೇ ಥ್ರಸ್ಟ್, ಎರಡನೇ ಸಲಕ್ಕೆ ಪೂರ್ತಿ.

ಆದರೆ ರಾಯರೇ, ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಿ. ಅಸ್ಥಿರವಾಗಿ, ಅಂದರೆ ವೇಗ ಎತ್ತರ ಹದದಲ್ಲಿಲ್ಲದೆ, ಇಳಿಯಲು ಬರೋ ವಿಮಾನಗಳಲ್ಲಿ ನಿಜಕ್ಕೂ ಗೋ ಅರೌಂಡ್ ಮಾಡೋದು ಬರೀ ನೂರಕ್ಕೆ ಮೂರೋ ನಾಲ್ಕೋ. ಅದೂ ಫ್ಲೈಟ್ ಸೇಫ್ಟಿ ಫೌಂಡೇಶನ್ ಅಧ್ಯಯನದ್ದೇ ಲೆಕ್ಕ. ಉಳಿದವರು "ಸರಿಹೋಗುತ್ತೆ ಬಿಡು" ಅಂತ ಇಳಿಸ್ತಾರೆ. ಕಿಟಕಿ ಸೀಟಿನ ಮೇಡಂ ಪಕ್ಕ ಕೂತವರು ಆಡಿದಂಥ ಮಾತುಗಳೂ ಅದಕ್ಕೆ ಒಂದು ಕಾರಣ ಅನ್ನೋದು ನನ್ನ ಗುಮಾನಿ.

ಹ್ಯಾಂಗರ್ ಗ್ರೀಸ್:
ಯಾರೂ ನಮ್ಮನ್ನು ಕೇಳಲ್ಲ, ಆದರೂ ಹೇಳ್ತೀನಿ. ಜೋರಾಗಿ ಬಿದ್ದ ವಿಮಾನದ ಮುಂದಿನ ಕೆಲಸ ನಮ್ಮದು. ಚಕ್ರದ ಕಾಲುಗಳನ್ನು ವಿನ್ಯಾಸ ಮಾಡೋದೇ ಸೆಕೆಂಡಿಗೆ 10 ಅಡಿ ವೇಗದಲ್ಲಿ ಕೆಳಗೆ ಬಂದರೂ ತಡೆಯೋ ಹಾಗೆ, ಅಂದರೆ ನಿಮಿಷಕ್ಕೆ 600 ಅಡಿ. ದಿನನಿತ್ಯದ ಲ್ಯಾಂಡಿಂಗ್ ಅದರ ಕಾಲುಭಾಗದ ಆಸುಪಾಸು. ಪ್ರಯಾಣಿಕರು "ಮುರಿದೇ ಹೋಯ್ತು" ಅನ್ನೋ ಎಷ್ಟೋ ಹೊಡೆತ ಲೆಕ್ಕಕ್ಕೇ ಬರಲ್ಲ. ಲೆಕ್ಕಕ್ಕೆ ಬಂದರೆ ಎ320ಯಲ್ಲಿ ಕಾಕ್‌ಪಿಟ್ ಪ್ರಿಂಟರ್‌ನಿಂದ ಒಂದು ಚೀಟಿ ಬರುತ್ತೆ, ಲೋಡ್ ರಿಪೋರ್ಟ್. ಆ ಚೀಟಿ ಬಂದಾಗ ಪೈಲಟ್ ಮುಖ ನೋಡಬೇಕು, ಪರೀಕ್ಷೆ ರಿಸಲ್ಟ್ ನೋಡಿದ ಹುಡುಗನ ಹಾಗೆ.

ಚೀಟಿ ಬರದಿದ್ದರೂ ಪೈಲಟ್ ಅನುಮಾನ ಬರೆದರೆ ನಾವು ನೋಡಲೇಬೇಕು. ಟಯರ್, ಕಾಲಿನಿಂದ ಎಣ್ಣೆ ಸೋರಿದ ಗುರುತು, ರೆಕ್ಕೆ ಬುಡದಲ್ಲಿ ಇಂಧನದ ಪಸೆ, ಹೊಟ್ಟೆಯ ತಗಡಿನಲ್ಲಿ ಸುಕ್ಕು, ಎಂಜಿನ್ ನೇತುಹಾಕಿದ ಜಾಗ. ಟಾರ್ಚ್ ಹಿಡಿದು ಬೆಳಕನ್ನು ಅಡ್ಡಡ್ಡ ಬಿಡಬೇಕು, ನೇರ ಬಿಟ್ಟರೆ ಸುಕ್ಕು ಕಾಣಲ್ಲ. ಬಾಲದ ಕೆಳಗೆ ಬೆನ್ನ ಮೇಲೆ ಮಲಗಿ ನೋಡೋದು ಕೊನೇ ಕೆಲಸ. ಅಲ್ಲಿ ಬಣ್ಣ ಕೆರೆದಿದ್ದರೆ ಅವತ್ತು ಮನೆಗೆ ಹೋಗೋದು ತಡ.

ಕಿಟಕಿ ಸೀಟು:
ಎಲ್ಲರಿಗೂ ದೊಡ್ಡ ನಮಸ್ಕಾರ. ಇಳಿಯುವಾಗ ಕಾಕ್‌ಪಿಟ್ ಬಾಗಿಲು ತೆರೆದಿತ್ತು, ಚಿಕ್ಕ ವಯಸ್ಸಿನ ಪೈಲಟ್ ಒಬ್ಬರು ಯಾರ ಮುಖವನ್ನೂ ನೋಡದೆ ನಿಂತಿದ್ದರು. ಥ್ಯಾಂಕ್ಸ್ ಅಂದೆ, ಅವರಿಗೆ ಕೇಳಿಸಿತೋ ಇಲ್ಲವೋ.

ಒಂದು ಕೊನೇ ಪ್ರಶ್ನೆ, ನಗಬೇಡಿ. ಎರಡನೇ ಸಲ ಇಳಿಸಿದಾಗಲೂ ಒಂಚೂರೂ ಮೆತ್ತಗಿರಲಿಲ್ಲ, ಮೊಳೆ ಹೊಡೆದ ಹಾಗೆ ಕೂರಿಸಿದರು. ಸಿಟ್ಟು ಬಂದಿತ್ತಾ?

ಬಲಬದಿ ಸೀಟು:
ಸಿಟ್ಟಲ್ಲ ಮೇಡಂ. ಮೆತ್ತಗೆ ಇಳಿಸೋಕೆ ಹೋದರೆ ವಿಮಾನ ತೇಲುತ್ತೆ, ತೇಲಿದರೆ ರನ್‌ವೇ ಕರಗುತ್ತೆ. ಒಂದು ಸಲ ಪುಟಿದ ಮೇಲೆ ಯಾರಿಗೂ ತೇಲೋ ಆಸೆ ಇರಲ್ಲ. ಹಾಕಬೇಕಾದ ಜಾಗದಲ್ಲಿ ಹಾಕು, ಚಕ್ರ ಕಚ್ಚಲಿ, ಸ್ಪಾಯ್ಲರ್ ಏಳಲಿ. ನಾನೂ ಅವತ್ತು ರಾತ್ರಿ ಎರಡನೇದನ್ನು ಹಾಗೇ ಕೂರಿಸಿದ್ದೆ. ಕ್ಯಾಪ್ಟನ್ ಪ್ರಿಂಟರ್ ಕಡೆ ಒಮ್ಮೆ ನೋಡಿದರು. ಚೀಟಿ ಬರಲಿಲ್ಲ. "ಮನೆಗೆ ಹೋಗೋಣ ನಡಿ" ಅಂದರು.